ಒಂದೇ ಕಪಾಟು, ಎರಡು ಬಣ

ಕೆಂಗೇರಿಯ ನಮ್ಮನೆ ಕಪಾಟಿನಲ್ಲಿ ಭೈರಪ್ಪ ಅಪ್ಪನ ಪಾಲು, ಅನಂತಮೂರ್ತಿ ಚಿಕ್ಕಪ್ಪನ ಪಾಲು. 2007ರಲ್ಲಿ ‘ಆವರಣ’ ಬಂತು, ಅನಂತಮೂರ್ತಿ ಕಟುವಾಗಿ ಟೀಕಿಸಿದರು, ಓದುಗರೆಲ್ಲ ಎರಡು ಬಣ ಆದರು. ನಮ್ಮನೇಲೂ. ಚಿಕ್ಕಪ್ಪ ಹಬ್ಬಕ್ಕೂ ಬರೋದು ಬಿಟ್ಟರು. (ನನಗೆ ಇಬ್ಬರ ಪುಸ್ತಕಾನೂ ಇಷ್ಟ. ಆಗ ಬಾಯಿ ಬಿಡಲಿಲ್ಲ.)

ಮೊನ್ನೆ ಧೂಳು ಹೊಡೆಯುವಾಗ ಗಮನಿಸಿದೆ: ‘ವಂಶವೃಕ್ಷ’, ‘ಸಂಸ್ಕಾರ’ ಎರಡೂ 1965ರವು. 1970ರ ‘ಸಂಸ್ಕಾರ’ ಸಿನಿಮಾದಲ್ಲಿ ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರೇ ಬಿ.ವಿ. ಕಾರಂತರ ಜೊತೆ ಸೇರಿ ‘ವಂಶವೃಕ್ಷ’ವನ್ನೂ ಸಿನಿಮಾ ಮಾಡಿದರು. ಅದೇ ಕಾರ್ನಾಡರು, ಭೈರಪ್ಪ 2006ರಲ್ಲಿ ಟಿಪ್ಪು ವಿಷಯಕ್ಕೆ ಪತ್ರಿಕೆಯಲ್ಲಿ ಎದುರುಬದುರಾದರು.

ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನಿಗೂ ಹೇಳು” ಅಂದರು.

ಭಾನುವಾರ ಊಟಕ್ಕೆ ಬನ್ನಿ ಅಂತ ಚಿಕ್ಕಪ್ಪನಿಗೆ ಮೆಸೇಜ್ ಹಾಕಿದ್ದೀನಿ. ನೋಡಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.