ಕನಿಷ್ಠ ಕೂಲಿ ಏರಿದಾಗ ಮಾಲೀಕರ ಲೆಕ್ಕ ತಪ್ಪುವುದೆಲ್ಲಿ?

ತಪ್ಪು ಕಲ್ಪನೆ: ಕನಿಷ್ಠ ವೇತನ ದೊಡ್ಡ ಕಾರ್ಖಾನೆಗಳಿಗೆ, ನಾಲ್ಕು ಆಳಿರುವ ಮಂಡಿಗಲ್ಲ.

ವಾಸ್ತವ: ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಕೇರಳದ ಲಾರಿಗೆ ಟೊಮೆಟೊ ಕ್ರೇಟು ತುಂಬಲು ಸಂಬಳಕ್ಕಿರುವ ಒಬ್ಬನೇ ಆಳಿಗೂ ಅದು ಸಲ್ಲಬೇಕು. ತಲೆ ಎಣಿಸುವುದು ಇಎಸ್‌ಐಗೆ (10 ಮಂದಿ), ಪಿಎಫ್‌ಗೆ (20 ಮಂದಿ). 1948ರ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗಷ್ಟೇ ಇತ್ತು. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆ ಎಲ್ಲ ಉದ್ಯೋಗಗಳಿಗೂ ಇದೆ.

ತಪ್ಪು ಕಲ್ಪನೆ: ಸಂಬಳ ಸಾವಿರ ಏರಿದರೆ ಖರ್ಚೂ ಸಾವಿರವೇ.

ವಾಸ್ತವ: ಹೆಚ್ಚಿನವರು ಎಡವುವುದು ಇಲ್ಲೇ. ಪಿಎಫ್, ಇಎಸ್‌ಐಗಳ ವೇತನ ಮಿತಿಯೊಳಗಿನ ನೌಕರರಾದರೆ ಆ ಸಾವಿರದ ಮೇಲೆ ಮಾಲೀಕರ ಪಾಲು ಪಿಎಫ್‌ಗೆ 120 ರೂ., ಇಎಸ್‌ಐಗೆ 32.50 ರೂ. ಓಟಿ ಮಾಡಿಸಿದರೆ ಹೊಸ ದರದ ದುಪ್ಪಟ್ಟು. ಯಾರೂ ಮೊದಲೇ ಲೆಕ್ಕ ಹಾಕದ್ದು ಗ್ರಾಚ್ಯುಟಿ. ಅದು ಕೊನೆಯ ಸಂಬಳದ ಮೇಲೆ, ದುಡಿದ ಅಷ್ಟೂ ವರ್ಷಕ್ಕೆ. ಹತ್ತು ವರ್ಷ ದುಡಿದವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಸಾವಿರ ಏರಿತೆನ್ನಿ: 1,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 10ರಿಂದ ಗುಣಿಸಿ. ಒಬ್ಬರ ಹೆಸರಿನಲ್ಲೇ 5,769 ರೂ. ಹೊರೆ. ಈ ದುಡ್ಡನ್ನು ತಿಂಗಳು ತಿಂಗಳು ಎತ್ತಿಡದ ಅಂಗಡಿ, ಹಳೆಯ ನೌಕರರು ಬಿಟ್ಟು ಹೋಗುವ ದಿನ ಸಾಲಕ್ಕೆ ಕೈಚಾಚುತ್ತದೆ.

ತಪ್ಪು ಕಲ್ಪನೆ: ವ್ಯಾಪಾರ ಬಿದ್ದ ವರ್ಷ ತುಟ್ಟಿಭತ್ಯೆ ಮುಂದೂಡಬಹುದು.

ವಾಸ್ತವ: ಕರ್ನಾಟಕದಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏಪ್ರಿಲ್ 1ಕ್ಕೆ ಅದು ಏರುತ್ತದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ತಿಂಗಳಿಗೆ 417.60 ರೂ. ಏರಿಕೆಯನ್ನು ಸರ್ಕಾರವೇ ಮುಂದೂಡಿತ್ತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಗಾರ್ಮೆಂಟ್ ಕಾರ್ಖಾನೆಗಳು 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಕೊಡದೆ ಕೂತವು. ಬಾಕಿ ಸಮೇತ ಕೊಡಲು ದೊಡ್ಡ ಕಂಪನಿ ಒಪ್ಪಿದ್ದು 2022ರ ಆರಂಭದಲ್ಲಿ. 20 ತಿಂಗಳಿಗೆ ಲೆಕ್ಕ ಹಿಡಿದರೂ ತಲೆಗೆ 8,352 ರೂ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳ ಮನೆಗೆ ಅದು ರೇಷನ್, ಬಾಡಿಗೆಯ ದುಡ್ಡು. ಅದನ್ನು ತಡೆಹಿಡಿದದ್ದು ಅನ್ಯಾಯ.

ತಪ್ಪು ಕಲ್ಪನೆ: ಈಗಾಗಲೇ ಹೆಚ್ಚು ಕೊಡುವವರೂ ಅಷ್ಟೇ ಏರಿಸಬೇಕು.

ವಾಸ್ತವ: ಕಾನೂನಿನ ಒತ್ತಾಯವಿಲ್ಲ. ಒಟ್ಟು ವೇತನ ನಿಗದಿಗಿಂತ ಹೆಚ್ಚಿದ್ದರೆ ತುಟ್ಟಿಭತ್ಯೆ ಬೇರೆಯಾಗಿ ಕೊಡಬೇಕಿಲ್ಲವೆಂದು ಕರ್ನಾಟಕದ್ದೇ ಆದ ಏರ್‌ಫ್ರೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಆದರೆ ಹೊಸಬನಿಗೂ ಹದಿನೈದು ವರ್ಷದ ಅನುಭವಿಗೂ ಒಂದೇ ಸಂಬಳವಾದರೆ ಅನುಭವಿ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಕಡಿಮೆ ಕೂಲಿಗೆ ಒಪ್ಪಿ ಸಹಿ ಹಾಕಿದ್ದಾರೆ, ಸಾಕು.

ವಾಸ್ತವ: ಆ ಸಹಿಗೆ ಬೆಲೆಯಿಲ್ಲ. ಬಾಕಿ ಕೇಳಲು ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರವೂ ಬೀಳಬಹುದು.