ಮೀನಿನ ಮನೆಗೂ ಬೇಕು ಹಿಂದೊಂದು ಗೋಡೆ

ಅಕ್ವೇರಿಯಂ ತಂದಾಯ್ತು, ಮೀನೂ ಬಿಟ್ಟಾಯ್ತು. ಆದ್ರೆ ಅದರ ಹಿಂದೆ ಏನಿರಬೇಕು ಅಂತ ಯೋಚಿಸಿದ್ದೀರಾ? ಒಂದು ಕಪ್ಪು ಚಾರ್ಟ್ ಶೀಟಿನಿಂದ ಹಿಡಿದು ಥರ್ಮಾಕೋಲ್ ಬಂಡೆಯವರೆಗೆ ನಿಮ್ಮ ಮುಂದಿರುವ ದಾರಿಗಳು ಇಲ್ಲಿವೆ.

ಪುಲಿಕೇಶಿನಗರದವರು ಬಣ್ಣದ ಮೀನು ತರೋದಕ್ಕೆ ದೂರ ಹೋಗಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ ಆಸುಪಾಸಿನಲ್ಲೇ ಮೀನು, ಗಾಜಿನ ತೊಟ್ಟಿ, ಮೋಟರ್, ಬಣ್ಣದ ಕಲ್ಲು ಎಲ್ಲಾ ಸಿಗುತ್ತವೆ. ಭಾನುವಾರ ಮಕ್ಕಳ ಕೈ ಹಿಡಿದು ಹೋದರೆ, ಬರುವಾಗ ಆಟೋದಲ್ಲಿ ತೊಡೆಯ ಮೇಲೊಂದು ತೊಟ್ಟಿ, ಕೈಯಲ್ಲಿ ಮೀನಿನ ಪ್ಲಾಸ್ಟಿಕ್ ಚೀಲ. ಮನೆಗೆ ಬಂದು ಎಲ್ಲಾ ಜೋಡಿಸಿ, ದೀಪ ಹಚ್ಚಿ ನೋಡಿದರೆ ಏನೋ ಕೊರತೆ. ಗಾಜಿನಾಚೆ ಸ್ವಿಚ್ ಬೋರ್ಡು, ಬಣ್ಣ ಮಾಸಿದ ಗೋಡೆ, ಗಂಟು ಬಿದ್ದ ವೈರು ಎಲ್ಲಾ ಕಾಣ್ತಿರುತ್ತೆ!

ಮೀನಿಗೇನು ಲಾಭ?

ಇದು ಬರೀ ಅಂದದ ಮಾತಲ್ಲ. ನಾಲ್ಕೂ ಕಡೆ ಬಯಲಾಗಿರುವ ತೊಟ್ಟಿಯಲ್ಲಿ ಮೀನಿಗೆ ಅಡಗಲು ಜಾಗವಿಲ್ಲ. ಹಿಂದೆ ಯಾರಾದರೂ ಓಡಾಡಿದರೆ, ಪರದೆ ಹಾರಿದರೆ ಬೆಚ್ಚಿಬೀಳುತ್ತದೆ, ಗಾಜಿಗೆ ಡಿಕ್ಕಿ ಹೊಡೆಯುತ್ತದೆ. ಸದಾ ಹೆದರಿದ ಮೀನು ಸರಿಯಾಗಿ ತಿನ್ನುವುದಿಲ್ಲ, ಬಣ್ಣ ಕಳೆದುಕೊಳ್ಳುತ್ತದೆ, ರೋಗಕ್ಕೂ ಬೇಗ ತುತ್ತಾಗುತ್ತದೆ. ‘ಅಂಗಡಿಯಲ್ಲಿ ಎಷ್ಟು ಚೆನ್ನಾಗಿತ್ತು, ಮನೆಗೆ ಬಂದ ಮೇಲೆ ಬಿಳಚಿಕೊಂಡಿತು’ ಅನ್ನುವ ದೂರಿಗೆ ಎಷ್ಟೋ ಸಲ ಇದೂ ಒಂದು ಕಾರಣ. ಹಿಂಬದಿ ಮುಚ್ಚಿದರೆ ಅದಕ್ಕೊಂದು ಆಸರೆ ಸಿಕ್ಕ ಹಾಗೆ.

ಮೊದಲು ಜಾಗ, ಆಮೇಲೆ ಬ್ಯಾಕ್‌ಗ್ರೌಂಡ್

1898ರ ಪ್ಲೇಗಿನ ನಂತರ, ಕಂಟೋನ್ಮೆಂಟಿನ ಇಕ್ಕಟ್ಟು ತಗ್ಗಿಸಲು ಫ್ರೇಜರ್ ಟೌನ್ ಎಂಬ ಹೆಸರಲ್ಲಿ ಹುಟ್ಟಿದ ಬಡಾವಣೆ ಇದು. ಉಳಿದಿರುವ ಹಳೇ ಮನೆಗಳಲ್ಲಿ ದೊಡ್ಡ ಕಿಟಕಿ, ಧಾರಾಳ ಬೆಳಕು. ನಮಗೆ ಹಿತವಾದ ಆ ಬಿಸಿಲು ತೊಟ್ಟಿಗೆ ಹಿತವಲ್ಲ. ನೇರ ಬಿಸಿಲು ಬಿದ್ದರೆ ಗಾಜಿನ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ನೀರೂ ಕಾಯುತ್ತದೆ. ಆದ್ದರಿಂದ ತೊಟ್ಟಿಯನ್ನು ಕಿಟಕಿಯಿಂದ ದೂರವಿಡಿ. ಬೇರೆ ಜಾಗವೇ ಇಲ್ಲ ಅಂದ್ರೆ ಕಿಟಕಿಯ ಕಡೆಯ ಗಾಜನ್ನು ಪೂರ್ತಿ ಮುಚ್ಚಿ.

ಇನ್ನೊಂದು ಮಾತು. 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ ತೊಟ್ಟಿಗೆ ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಅಂದ್ರೆ ನೀರೇ 60 ಕೆ.ಜಿ.! ತುಂಬಿದ ಮೇಲೆ ಅದನ್ನು ಸರಿಸುವ ಹಾಗೇ ಇಲ್ಲ. ಏನು ಅಂಟಿಸುವುದಿದ್ದರೂ ನೀರು ತುಂಬುವ ಮೊದಲೇ ಮುಗಿಸಿ.

ಹೊರಗಿನಿಂದ ಅಂಟಿಸುವುದೇ ಸುಲಭ

ಕಡಿಮೆ ಖರ್ಚಿನದು ಕಪ್ಪು ಅಥವಾ ಕಡು ನೀಲಿ ಚಾರ್ಟ್ ಶೀಟ್. 28 ಇಂಚು ಉದ್ದ, 22 ಇಂಚು ಅಗಲದ ಒಂದೇ ಹಾಳೆ ಮೇಲೆ ಹೇಳಿದ ತೊಟ್ಟಿಗೆ ಸಾಕು. ಕಪ್ಪು ಬ್ಲೌಸ್ ಪೀಸ್ ಉಳಿದಿದ್ದರೆ ಅದನ್ನೇ ಬಿಗಿಯಾಗಿ ಎಳೆದು ಟೇಪ್ ಹಚ್ಚಬಹುದು. ಒದ್ದೆಯಾದರೆ ಬಿಚ್ಚಿ ಒಣಗಿಸಿ, ಅಷ್ಟೆ.

ಅಂಗಡಿಯ ಪ್ಲಾಸ್ಟಿಕ್ ಪೋಸ್ಟರ್ ಅಂಟಿಸಿದವರಿಗೆಲ್ಲ ಒಂದೇ ತಲೆನೋವು: ಅಲ್ಲಲ್ಲಿ ಬೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುವ ಕಲೆಗಳು. ಗಾಜು ಮತ್ತು ಪೋಸ್ಟರ್ ನಡುವೆ ಗಾಳಿ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಪೋಸ್ಟರಿನ ಮುಖಕ್ಕೆ ತೆಳ್ಳಗೆ ಗ್ಲಿಸರಿನ್ ಸವರಿ, ಗಾಜಿಗೆ ಒತ್ತಿ, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ತೀಡಿ. ಗಾಳಿ ಹೊರಟು ಚಿತ್ರ ಗಾಜಿಗೇ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಕೊಬ್ಬರಿ ಎಣ್ಣೆ ಆಗಲ್ವಾ ಅಂತೀರಾ? ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ನಿಮ್ಮ ಪೋಸ್ಟರೂ ಮಸುಕಾದೀತು! ಲ್ಯಾಮಿನೇಟ್ ಆಗದ ಕಾಗದಕ್ಕೆ ಮಾತ್ರ ಗ್ಲಿಸರಿನ್ ಹಚ್ಚಬೇಡಿ, ನೆನೆದುಹೋಗುತ್ತದೆ.

ಶಾಶ್ವತವಾಗಿ ಇರಲಿ ಅನ್ನುವವರು ಹಿಂಬದಿ ಗಾಜಿನ ಹೊರಮೈಗೆ ಅಕ್ರಿಲಿಕ್ ಬಣ್ಣ ಹಚ್ಚಬಹುದು. ಚಿಕ್ಕ ರೋಲರ್‌ನಲ್ಲಿ ತೆಳುವಾಗಿ ಎರಡು ಮೂರು ಕೋಟ್. ಬೇಸರ ಬಂದರೆ ಬ್ಲೇಡಿನಿಂದ ಕೆರೆದು ತೆಗೆಯಬಹುದು. ಒಳಮೈಗೆ ಮಾತ್ರ ಬಣ್ಣ ಬೇಡವೇ ಬೇಡ.

ಯಾವ ಬಣ್ಣ ಒಪ್ಪುತ್ತೆ?

ಕಪ್ಪು ಎಲ್ಲಕ್ಕೂ ಒಪ್ಪುತ್ತದೆ. ಗೋಲ್ಡ್ ಫಿಶ್, ಗಪ್ಪಿ, ನಿಯಾನ್ ಟೆಟ್ರಾ ಕಪ್ಪಿನ ಮುಂದೆ ಒಡವೆಯ ಹಾಗೆ ಹೊಳೆಯುತ್ತವೆ. ಪೈಪು, ವೈರುಗಳೂ ಮರೆಯಾಗುತ್ತವೆ. ಕಪ್ಪು ಮೋಲಿ ಸಾಕುವವರು ತಿಳಿ ನೀಲಿ ಹಾಕಲಿ, ಇಲ್ಲದಿದ್ದರೆ ಮೀನೇ ಕಾಣದು. ಬಿಳಿ ಬೇಡ, ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಹಲವು ಮೀನುಗಳು ತಮ್ಮ ಬಣ್ಣವನ್ನೂ ತಿಳಿಯಾಗಿಸಿಕೊಳ್ಳುತ್ತವೆ. ಕನ್ನಡಿಯಂತೆ ಹೊಳೆಯುವ ಹಾಳೆಯೂ ಬೇಡ. ಫೈಟರ್ ಮೀನು ತನ್ನ ಪ್ರತಿಬಿಂಬವನ್ನೇ ವೈರಿ ಅಂದುಕೊಂಡು ಕಿವಿರು ಅರಳಿಸಿ ದಿನವಿಡೀ ದಣಿಯುತ್ತದೆ.

ಥರ್ಮಾಕೋಲ್ ಬಂಡೆ ಮಾಡುವ ಆಸೆಯೇ?

ಟಿವಿ ಪೆಟ್ಟಿಗೆಯ ಥರ್ಮಾಕೋಲನ್ನು ಬಂಡೆಯಂತೆ ಕೆತ್ತಿ, ಸಿಮೆಂಟ್ ಸವರಿ ಒಳಗಿಡುವುದು ಮಕ್ಕಳಿಗಂತೂ ಖುಷಿಯ ಕೆಲಸ. ಆದರೆ ಲೆಕ್ಕ ಗೊತ್ತಿರಲಿ. 24 ಇಂಚು ಉದ್ದ, 14 ಇಂಚು ಎತ್ತರ, ಒಂದು ಇಂಚಿಗಿಂತ ತುಸು ದಪ್ಪದ ಹಲಗೆಯನ್ನು ನೀರು ಸುಮಾರು 6 ಕೆ.ಜಿ. ಬಲದಿಂದ ಮೇಲಕ್ಕೆ ತಳ್ಳುತ್ತದೆ. ಕಲ್ಲು ಒತ್ತಿಟ್ಟರೆ ನಿಲ್ಲುವುದಿಲ್ಲ. ಸಿಲಿಕಾನ್‌ನಿಂದ ಗಾಜಿಗೆ ಗಟ್ಟಿಯಾಗಿ ಅಂಟಿಸಲೇಬೇಕು. ಅಂಚುಗಳನ್ನೂ ಮುಚ್ಚಿ, ಇಲ್ಲದಿದ್ದರೆ ಮರಿಮೀನು ಹಿಂದೆ ಸಿಕ್ಕಿಕೊಂಡು ಸಾಯುತ್ತವೆ.

ಸಿಲಿಕಾನ್ ಕೊಳ್ಳುವಾಗ ಅಕ್ವೇರಿಯಂಗೆ ಅಂತಲೇ ಕೇಳಿ. ಬಾತ್‌ರೂಮಿಗೆ ಬಳಸುವ, ಬೂಸ್ಟು ತಡೆಯುವ ಔಷಧ ಬೆರೆಸಿದ ಸಿಲಿಕಾನ್ ಮೀನಿಗೆ ವಿಷ. ಅಂಟಿಸಿದ ಮೇಲೆ ವಿನಿಗರ್‌ನಂಥ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ದಪ್ಪಗೆ ಹಚ್ಚಿದ್ದರೆ ಒಂದು ವಾರ ಬೇಕು.

ಸಿಮೆಂಟಿನದು ಇನ್ನೂ ತಾಳ್ಮೆಯ ಕೆಲಸ. ಅದರಿಂದ ಸುಣ್ಣ ನೀರಿಗೆ ಬಿಡುತ್ತಲೇ ಇರುತ್ತದೆ. ಮೂರು ನಾಲ್ಕು ವಾರ ನೀರು ತುಂಬಿ, ಬದಲಿಸಿ, ಪಿಎಚ್ ಪರೀಕ್ಷೆಯಲ್ಲಿ ಏರಿಕೆ ನಿಂತ ಮೇಲಷ್ಟೇ ಮೀನು ಬಿಡಬೇಕು. ಅವಸರಪಟ್ಟರೆ ಮೀನು ಉಳಿಯದು. ಪ್ರತಿ ಸಲ 60 ಲೀಟರ್ ಚೆಲ್ಲುವ ಮುನ್ನ 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರಿಗೆ ಕಾದದ್ದನ್ನು ನೆನಪಿಸಿಕೊಳ್ಳಿ. ಆ ನೀರನ್ನು ನೆಲ ತೊಳೆಯಲು, ಟಾಯ್ಲೆಟ್ಟಿಗೆ ಬಳಸಿ. ನೀರಿನ ಬರ ಇರುವ ಮನೆಯವರು ಈ ಗೋಜಿಗೆ ಹೋಗದಿರುವುದೇ ವಾಸಿ.

ಕಲ್ಲು ನೋಡಿ ಆರಿಸಿ

ಅಡುಗೆಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡು ಕಪ್ಪಗೆ ಚೆನ್ನಾಗಿದೆ ಅಂತ ಒಳಗಿಡಬೇಡಿ. ಅದು ಸುಣ್ಣದ ಕಲ್ಲು. ಶಹಾಬಾದ್ ಕಲ್ಲೂ ಅಷ್ಟೇ. ಮಾರ್ಬಲ್, ಕಪ್ಪೆಚಿಪ್ಪುಗಳದೂ ಅದೇ ಕಥೆ. ಇವು ನೀರನ್ನು ಇನ್ನಷ್ಟು ಗಡಸು ಮಾಡುತ್ತವೆ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಮೊದಲೇ ಗಡಸು. ಗಪ್ಪಿ, ಮೋಲಿ ತಡೆದುಕೊಂಡಾವು, ನಿಯಾನ್ ಟೆಟ್ರಾಗೆ ಆಗಿಬರದು. ಪರೀಕ್ಷೆ ಸುಲಭ: ಕಲ್ಲಿನ ಮೇಲೆ ನಾಲ್ಕು ಹನಿ ವಿನಿಗರ್ ಹಾಕಿ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ. ಗ್ರಾನೈಟ್ ಚೂರುಗಳಿಗೆ ಆ ಭಯವಿಲ್ಲ.

ಗಿಡವೇ ಗೋಡೆಯಾದರೆ?

ರಿಬ್ಬನ್ನಿನಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾವನ್ನು ಹಿಂಬದಿಯಲ್ಲಿ ಸಾಲಾಗಿ ನೆಟ್ಟರೆ ಕೆಲವೇ ತಿಂಗಳಲ್ಲಿ ಹಬ್ಬಿ ಹಸಿರು ಪರದೆಯಾಗುತ್ತದೆ. ಹಿಂದೊಂದು ಕಪ್ಪು ಹಾಳೆ ಇದ್ದರೆ ಇನ್ನೂ ಚೆಂದ. ಮೀನಿನ ಕೊಳೆಯನ್ನೇ ಗೊಬ್ಬರ ಮಾಡಿಕೊಂಡು ನೀರನ್ನೂ ತಿಳಿಯಾಗಿಡುತ್ತದೆ. ಆದರೆ ಗೋಲ್ಡ್ ಫಿಶ್ ಇರುವಲ್ಲಿ ಗಿಡ ಉಳಿಯುವುದು ಕಷ್ಟ, ಕಿತ್ತು ತಿಂದುಹಾಕುತ್ತವೆ!

ಇವಿಷ್ಟು ನೆನಪಿರಲಿ

* ತೊಟ್ಟಿ ಮತ್ತು ಗೋಡೆಯ ನಡುವೆ ಕೈ ಹೋಗುವಷ್ಟು ಜಾಗ ಬಿಡಿ.

* ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೇರುವಂತಿರಲಿ. ನೀರು ಜಾರಿದರೂ ಪ್ಲಗ್ ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ.

* ಒಳಗೆ ಕೈ ಹಾಕುವ ಮುನ್ನ ಮೋಟರ್, ದೀಪದ ಸ್ವಿಚ್ ಆರಿಸಿ.

* ಸ್ಪ್ರೇ ಪೇಂಟ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ಬಳಸಬೇಡಿ.

* ಬಣ್ಣ ಬಿಡುವ ಕಾಗದ, ಬಟ್ಟೆ ಏನಿದ್ದರೂ ಹೊರಗೇ ಇರಲಿ.

* ಔಷಧ ಹಾಕಿರದಿದ್ದರೆ, ಬದಲಿಸಿದ ತೊಟ್ಟಿಯ ನೀರನ್ನು ಹೂಕುಂಡಕ್ಕೆ ಹಾಕಿ.

ಹೊಸದಾಗಿ ಮೀನು ಸಾಕುವವರಿಗೆ ಒಂದೇ ಕಿವಿಮಾತು. ಈ ವರ್ಷ ಕಪ್ಪು ಹಾಳೆಯಿಂದಲೇ ಶುರು ಮಾಡಿ. ಮೀನು ಬದುಕಿ, ಗಿಡ ಚಿಗುರಿ, ನಿಮಗೂ ಕೈ ಪಳಗಿದ ಮೇಲೆ ಬಂಡೆ ಕೆತ್ತೋಣ. ನಮ್ಮ ಕಣ್ಣಿಗೆ ಅದು ಅಲಂಕಾರ, ಮೀನಿಗೆ ಅದೇ ಮನೆ ಅಲ್ವೇ?