ಹೆಸರೇ ಬಂಡವಾಳವಾದಾಗ: ಜ್ಯಾಕ್ ನಿಕ್ಲಾಸ್ ಅವರ ಸಂಪತ್ತಿನ ಲೆಕ್ಕ

ವ್ಯವಹಾರಸ್ಥನೊಬ್ಬ ತನ್ನ ಹೆಸರನ್ನು ಮಾರಬಹುದೇ? ಮಾರಿದ ಮೇಲೆ ಅದೇ ಹೆಸರಿನಲ್ಲಿ ದುಡಿಯುವ ಹಕ್ಕು ಅವನಿಗೆ ಉಳಿಯುತ್ತದೆಯೇ? ತಂದೆಯ ಅಥವಾ ಮನೆತನದ ಹೆಸರಿನಲ್ಲಿ ಅಂಗಡಿ, ಕಾರ್ಖಾನೆ ನಡೆಸುತ್ತಿರುವ ಯಾರಿಗೂ ಈ ಪ್ರಶ್ನೆಗಳು ಹೊರಗಿನವಲ್ಲ. ಅಮೆರಿಕದ ನಿವೃತ್ತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಅವರ ವೃತ್ತಿಜೀವನವು ಇವುಗಳಿಗೆ ಉತ್ತರವನ್ನು ಅಂಕಿಅಂಶಗಳ ಸಮೇತ ಒದಗಿಸುತ್ತದೆ.

ಆಟದ ಗಳಿಕೆ

ನಿಕ್ಲಾಸ್ ಜನಿಸಿದ್ದು 1940ರಲ್ಲಿ, ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ತಂದೆ ಔಷಧ ಅಂಗಡಿಗಳನ್ನು ನಡೆಸುತ್ತಿದ್ದರು. ಹವ್ಯಾಸಿ ಆಟಗಾರನಾಗಿದ್ದ ದಿನಗಳಲ್ಲಿ ಮಗ ವಿಮಾ ಪಾಲಿಸಿಗಳನ್ನು ಮಾರುತ್ತಿದ್ದರು. 1962ರಲ್ಲಿ ವೃತ್ತಿಪರ ಆಟಗಾರನಾಗಿ ಅವರು ಪಡೆದ ಮೊದಲ ಚೆಕ್ಕಿನ ಮೊತ್ತ 33 ಡಾಲರ್ 33 ಸೆಂಟ್. ಅದೇ ವರ್ಷ ಅವರು ಯು.ಎಸ್. ಓಪನ್ ಗೆದ್ದರು. ಮುಂದೆ ಒಟ್ಟು 18 ಮೇಜರ್ ಪ್ರಶಸ್ತಿಗಳು ಅವರದಾದವು. 1986ರಲ್ಲಿ, 46ನೆಯ ವಯಸ್ಸಿನಲ್ಲಿ ಗೆದ್ದ ಮಾಸ್ಟರ್ಸ್ ಪಂದ್ಯಾವಳಿ ಅವುಗಳಲ್ಲಿ ಕೊನೆಯದು; ಅದರ ಬಹುಮಾನ 1,44,000 ಡಾಲರ್. ಆದರೂ ಪಿ.ಜಿ.ಎ. ಟೂರ್‌ನಲ್ಲಿ ಅವರು ಜೀವಮಾನವಿಡೀ ಗಳಿಸಿದ ಬಹುಮಾನದ ಹಣ ಸುಮಾರು 57 ಲಕ್ಷ ಡಾಲರ್ ಮಾತ್ರ.

ಹೆಸರಿನ ಗಳಿಕೆ

ನಿಜವಾದ ಸಂಪತ್ತು ಮೈದಾನದ ಹೊರಗೆ ಬೆಳೆಯಿತು. 'ಗೋಲ್ಡನ್ ಬೇರ್', ಎಂದರೆ ಬಂಗಾರದ ಕರಡಿ, ಎಂಬ ಅಡ್ಡಹೆಸರು ಉಡುಪು ಮತ್ತು ಆಟದ ಸಾಮಗ್ರಿಗಳ ಮೇಲಿನ ಮುದ್ರೆಯಾಯಿತು. ಗಾಲ್ಫ್ ಮೈದಾನಗಳ ವಿನ್ಯಾಸವು ಪ್ರಧಾನ ಉದ್ದಿಮೆಯಾಯಿತು. ತಮ್ಮ ಹುಟ್ಟೂರಿನ ಸಮೀಪದಲ್ಲೇ ಅವರು ನಿರ್ಮಿಸಿದ ಮ್ಯೂರ್‌ಫೀಲ್ಡ್ ವಿಲೇಜ್ ಮೈದಾನ 1974ರಲ್ಲಿ ಆರಂಭವಾಯಿತು. ಅವರ ಸಂಸ್ಥೆ ವಿನ್ಯಾಸಗೊಳಿಸಿದ ಮೈದಾನಗಳ ಸಂಖ್ಯೆ ಕ್ರಮೇಣ ಜಗತ್ತಿನಾದ್ಯಂತ 400ನ್ನು ಮೀರಿತು. ಮೈದಾನದ ಸುತ್ತಲಿನ ನಿವೇಶನಗಳನ್ನು ಮಾರುವ ಉದ್ಯಮಿಗೆ ನಕ್ಷೆಯಷ್ಟೇ ಅಮೂಲ್ಯವಾದದ್ದು ನಕ್ಷೆಯ ಕೆಳಗಿನ ಸಹಿ. 2005ರಲ್ಲಿ ಅವರು ಸೇಂಟ್ ಆ್ಯಂಡ್ರೂಸ್‌ನಲ್ಲಿ ಕೊನೆಯ ಬ್ರಿಟಿಷ್ ಓಪನ್ ಆಡಿದಾಗ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅವರ ಚಿತ್ರವಿರುವ 5 ಪೌಂಡ್ ನೋಟನ್ನು ಹೊರತಂದಿತು.

ಕಾಗದದ ಮೇಲಿನ ಲಾಭ

1996ರಲ್ಲಿ ಗೋಲ್ಡನ್ ಬೇರ್ ಗಾಲ್ಫ್ ಕಂಪನಿ ಸಾರ್ವಜನಿಕರಿಗೆ ಷೇರುಗಳನ್ನು ಮಾರಿ ನಾಸ್ಡಾಕ್ ಪೇಟೆಗೆ ಪ್ರವೇಶಿಸಿತು. ಮೈದಾನಗಳನ್ನು ಕಟ್ಟಿಕೊಡುವ ಗುತ್ತಿಗೆಗಳನ್ನು ಅದರ ಅಂಗಸಂಸ್ಥೆ ಪ್ಯಾರಗಾನ್ ವಹಿಸಿಕೊಂಡಿತ್ತು. ಇಂತಹ ಗುತ್ತಿಗೆಗಳಲ್ಲಿ ಕಾಮಗಾರಿ ಎಷ್ಟು ಭಾಗ ಮುಗಿದಿದೆಯೋ ಅಷ್ಟು ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಂಗೀಕೃತ ಪದ್ಧತಿ. ಪ್ಯಾರಗಾನ್‌ನಲ್ಲಿ ಮಾತ್ರ, ತಗುಲಿದ ವೆಚ್ಚದ ಅನುಪಾತವನ್ನು ಕೈಬಿಟ್ಟು, ಅಧಿಕಾರಿಗಳು ತಾವೇ ಅಂದಾಜಿಸಿದ ಪ್ರಗತಿಯ ಆಧಾರದ ಮೇಲೆ ಆದಾಯವನ್ನು ತೋರಿಸತೊಡಗಿದರು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತಾಯಿತು. 1998ರಲ್ಲಿ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ತಿದ್ದಿ ಬರೆದಾಗ ನಷ್ಟವು ಮೊದಲು ತೋರಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಷೇರು ನಾಸ್ಡಾಕ್ ಪಟ್ಟಿಯಿಂದ ಹೊರಬಿತ್ತು. 2000ದಲ್ಲಿ ಕಂಪನಿ ಮತ್ತೆ ಖಾಸಗಿಯಾಯಿತು. ಅಮೆರಿಕದ ಷೇರು ನಿಯಂತ್ರಣ ಆಯೋಗವು ಅಂಗಸಂಸ್ಥೆಯ ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡಿತೇ ಹೊರತು ನಿಕ್ಲಾಸ್ ಅವರ ಮೇಲಲ್ಲ. ಆದರೆ ಪತ್ರಿಕೆಗಳ ತಲೆಬರಹದಲ್ಲಿ ಮೂಡಿದ್ದು ಅವರ ಹೆಸರೇ.

ಹೆಸರಿನ ಮಾರಾಟ

2007ರಲ್ಲಿ ಉದ್ಯಮಿ ಹೊವರ್ಡ್ ಮಿಲ್‌ಸ್ಟೀನ್ ಅವರೊಡನೆ ಒಪ್ಪಂದವಾಯಿತು. ನಿಕ್ಲಾಸ್ ಕಂಪನೀಸ್‌ನಲ್ಲಿ ಪಾಲು ಹಾಗೂ ಅದರೊಂದಿಗೆ ಹೆಸರಿನ ವಾಣಿಜ್ಯ ಹಕ್ಕುಗಳಿಗಾಗಿ ನಿಕ್ಲಾಸ್ ಅವರಿಗೆ ದೊರೆತದ್ದು 14.5 ಕೋಟಿ ಡಾಲರ್. ಇದು ಬಹುಮಾನದ ಒಟ್ಟು ಗಳಿಕೆಯ ಸುಮಾರು 25 ಪಟ್ಟು. ಹಣದುಬ್ಬರವನ್ನು ಗಣಿಸಿದರೆ ಅಂತರ ತಗ್ಗುತ್ತದಾದರೂ ಅಳಿಯುವುದಿಲ್ಲ.

2017ರಲ್ಲಿ ನಿಕ್ಲಾಸ್ ಸಕ್ರಿಯ ಹೊಣೆಯಿಂದ ದೂರ ಸರಿದರು. 2022ರಲ್ಲಿ ಅವರ ಹೆಸರನ್ನೇ ಹೊತ್ತ ಕಂಪನಿ ಅವರ ಮೇಲೆಯೇ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಟ್ರೇಡ್‌ಮಾರ್ಕ್ ಯಾರದು, ವಿನ್ಯಾಸದ ವೃತ್ತಿಯನ್ನು ಅವರು ಸ್ವತಂತ್ರವಾಗಿ ಮುಂದುವರಿಸಬಹುದೇ ಎಂಬುದು ವ್ಯಾಜ್ಯದ ಕೇಂದ್ರವಾಗಿತ್ತು. ಇತ್ತ ಕಂಪನಿಯು ತಮ್ಮ ಮಾನಕ್ಕೆ ಕುಂದು ತಂದಿತೆಂದು ನಿಕ್ಲಾಸ್ ಫ್ಲೋರಿಡಾದಲ್ಲಿ ಹೂಡಿದ ದಾವೆಯಲ್ಲಿ 2025ರ ಅಕ್ಟೋಬರ್‌ನಲ್ಲಿ ಜ್ಯೂರಿಯು 5 ಕೋಟಿ ಡಾಲರ್ ಪರಿಹಾರವನ್ನು ವಿಧಿಸಿತು. ಮರುತಿಂಗಳೇ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಮಾರಾಟವಾದದ್ದು ಹೆಸರಿನ ಗುರುತು, ಮಾನ ಮಾರಾಟವಾಗಿರಲಿಲ್ಲ.

ನಮ್ಮ ಉದ್ದಿಮೆದಾರರು ಗಮನಿಸಬೇಕಾದುದು

1. ತಾನೇ ಬೆಳೆಸಿದ ಗುಡ್‌ವಿಲ್ ಮತ್ತು ಬ್ರಾಂಡ್‌ಗಳನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಲು ಭಾರತದ ಲೆಕ್ಕಪತ್ರ ಮಾನಕ 26 ಅವಕಾಶ ನೀಡುವುದಿಲ್ಲ. ಪುಸ್ತಕದಲ್ಲಿಲ್ಲದ ಈ ಆಸ್ತಿಯೇ ಅನೇಕ ಸಂಸ್ಥೆಗಳ ಅತಿ ದೊಡ್ಡ ಆಸ್ತಿ. ಪಾಲುದಾರಿಕೆ ಮುರಿದಾಗ ಅಥವಾ ಆಸ್ತಿ ವಿಭಾಗವಾದಾಗ ಅದನ್ನು ಮರೆಯಬಾರದು.

2. ಪಾಲುದಾರಿಕೆ ಕಾಯಿದೆ, 1932ರ 55ನೆಯ ಕಲಮಿನ ಪ್ರಕಾರ, ವಿಸರ್ಜನೆಯ ನಂತರ ಸಂಸ್ಥೆಯ ಗುಡ್‌ವಿಲ್ ಮಾರಿದ ಪಾಲುದಾರನು ಸ್ಪರ್ಧಿ ವ್ಯಾಪಾರವನ್ನು ಆರಂಭಿಸಬಹುದು. ಆದರೆ ಬೇರೆ ಕರಾರಿಲ್ಲದಿದ್ದರೆ ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ, ಹಳೆಯ ಗಿರಾಕಿಗಳನ್ನು ತನ್ನೆಡೆಗೆ ಕರೆಯುವಂತಿಲ್ಲ. ಆದುದರಿಂದ ಯಾವ ಹೆಸರು, ಯಾವ ಸರಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಕರಾರುಪತ್ರದಲ್ಲಿ ಬಿಡಿಬಿಡಿಯಾಗಿ ನಮೂದಿಸಬೇಕು.

3. ಗುತ್ತಿಗೆ ಕಾಮಗಾರಿಯವರು ಪ್ರಗತಿಯ ಅಂದಾಜಿಗೆ ಅಳತೆ ಪುಸ್ತಕ, ಬಿಲ್ಲು, ಗಿರಾಕಿಯ ದೃಢೀಕರಣಗಳ ಆಧಾರ ಇಟ್ಟುಕೊಳ್ಳಬೇಕು. ವಸೂಲಾಗದ ಲಾಭ ಕಾಗದದ ಮೇಲೆ ಬಹುಕಾಲ ನಿಲ್ಲದು.

4. ತನ್ನ ಹೆಸರಿನ ಸಂಸ್ಥೆಯ ಲೆಕ್ಕವನ್ನು ಬೇರೆಯವರಿಗೆ ವಹಿಸಬಹುದು, ಆ ಹೆಸರಿನ ಹೊಣೆಯನ್ನು ವಹಿಸಲಾಗದು. ದಿನದ ವ್ಯವಹಾರದಿಂದ ದೂರವಿದ್ದರೂ ಅಂಗಸಂಸ್ಥೆಗಳ ಲೆಕ್ಕಪತ್ರಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಮಾಲೀಕನೇ ಕುಳಿತು ನೋಡುವುದು ಹಿತ.